ಮೂವತ್ತೇಳನೇ ಕುರ್ಚಿಯ ಟವೆಲ್

ಹಳೇಶೆಡ್ ಮೈದಾನ, ಹುಬ್ಬಳ್ಳಿ
೩೨ ಜೂನ್ ೨೧೬೧, ಬೆಳಗಿನ ಏಳೂವರೆ

ಶ್ರೀ ಫಕೀರಪ್ಪ ಹೆಬಸೂರ ಅವರಿಗೆ ಕಾಶವ್ವ ಗುಡಗೇರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಇದು ಯಾರೋ ಕಿಡಿಗೇಡಿಗಳ ಕೆಲಸವೆಂದು ಕಾಗದ ಹರಿದುಹಾಕಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಜೂನ್ ಮೂವತ್ತಕ್ಕೇ ಮುಗಿಯುತ್ತದೆ ಎಂದು ನನಗೆ ಗೊತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಮೇ ತಿಂಗಳ ಬಿಸಿಲು ತಡೆಯಲಾಗದೆ ಆ ತಿಂಗಳಿಂದ ಎರಡು ದಿನ ಕಿತ್ತು ಜೂನಿಗೆ ಸೇರಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಜೂನ್ ಉದ್ದವಾಯಿತು ಅಷ್ಟೆ.

ಮಾತಿನ ವಿಚಿತ್ರಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ಹಳೇಶೆಡ್ ಫುಟ್ಬಾಲ್ ಕ್ಲಬ್ಬಿನ ಕಪಾಟಿನಲ್ಲಿ ಉಳಿದಿದ್ದ ಹಳೆಯ ನೋಟೀಸುಗಳಿಂದ. ಹಾಗಾಗಿ ಅಲ್ಲಲ್ಲಿ ವಾರ್ಷಿಕ ಸಭೆಯ ವಾಸನೆ ಹೊಡೆದರೆ ಸಹಿಸಿಕೊಳ್ಳಿ. ನಿಮಗೀಗ ಐವತ್ತೆಂಟು, ನನಗೆ ಎಪ್ಪತ್ತೊಂದು. ಆದರೂ ಇಡೀ ಹಳೇಶೆಡ್ ನಿಮ್ಮನ್ನು ಫಕೀರಜ್ಜ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ತಪ್ಪು ತಿಳಿಯಬೇಡಿ.

ಈ ಕಾಗದ ಬರುವುದು ಹಿಂದಂಚೆಯಲ್ಲಿ. ನಮ್ಮಲ್ಲಿ ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಕಳೆದುಹೋದ ಕಾಲಕ್ಕೆ ಒಂದೇ ಒಂದು ಕಾಗದ ಬರೆಯುವ ಹಕ್ಕಿದೆ. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ಕೆಲವರು ತಮಗೆ ತಾವೇ ಬರೆದುಕೊಂಡು, ಆ ಮದುವೆ ಬೇಡ ಎಂದು ಬುದ್ಧಿ ಹೇಳಿಕೊಳ್ಳುತ್ತಾರೆ. ನಾನು ನನ್ನ ಪಾಲಿನ ಕಾಗದವನ್ನು ಫುಟ್ಬಾಲಿಗೆ ಸುರಿಯುತ್ತಿದ್ದೇನೆ ಎಂದು ತಿಳಿದಾಗ ಅಂಚೆಯ ಹೆಣ್ಣುಮಗಳು ನನ್ನನ್ನು ಮೇಲೆ ಕೆಳಗೆ ನೋಡಿದಳು. "ಇದು ಖರೇನ ಮುಟ್ಟತೈತೇನವಾ?" ಎಂದು ಕೇಳಿದೆ. "ಅಜ್ಜೀ, ಮುಟ್ಟೂದಿದ್ರ ಅದು ಯಾವಾಗ್ಲೋ ಮುಟ್ಟಿ ಹೋಗಿರತೈತ್ರಿ. ನೀವು ಬರ್ಯೂದಷ್ಟ ಬಾಕಿ," ಎಂದಳು. ಆ ಮಾತಿನ ಅರ್ಥ ಆಗ ನನ್ನ ತಲೆಗೆ ಹೋಗಲಿಲ್ಲ.

ಇವತ್ತು ಈ ಹಂಗಾಮಿನ ಕೊನೆಯ ಪಂದ್ಯ. ನಮ್ಮ ಕಾಲದಲ್ಲಿ ಆಟ ಶುರುವಾಗುವುದು ಬೆಳಗಿನ ಐದಕ್ಕೆ. ಎಂಟರ ನಂತರ ಬಯಲಿನಲ್ಲಿ ಯಾರೂ ಇರುವಂತಿಲ್ಲ. ಎಲ್ಲಿಗೆ ಹೋಗುವುದಿದ್ದರೂ ನೆರಳುಬಂಡಿಯಲ್ಲೇ ಹೋಗಬೇಕು. ಅದು ನಾಲ್ಕೂ ಕಡೆ ತೇವದ ಪರದೆ ಕಟ್ಟಿದ ಬಂಡಿ. ಮೈದಾನದಲ್ಲಿ ಹುಲ್ಲು ಬೆಳೆಯುವುದಿಲ್ಲ, ಜೋಳದ ದಂಟಿನಿಂದ ಹೆಣೆದ ಚಾಪೆ ಹಾಸಿದ್ದೇವೆ. ಚಾಪೆಯ ಹೊಲಿಗೆಯ ಮೇಲೆ ಬಿದ್ದ ಚೆಂಡು ಎತ್ತ ಪುಟಿಯುತ್ತದೆ ಎನ್ನುವುದು ದೇವರಿಗೇ ಗೊತ್ತು. ಊರಿನ ಮಕ್ಕಳಾದ ನಮ್ಮ ಆಟಗಾರರಿಗಾದರೂ ಆ ಹೊಲಿಗೆಗಳು ಗೊತ್ತಿರಬೇಕಿತ್ತು, ಆದರೆ ಹೊರಗಿನಿಂದ ಬಂದವರೇ ಅವನ್ನು ನಮಗಿಂತ ಬೇಗ ಕಲಿಯುತ್ತಾರೆ. ಗೇಟಿನ ಹತ್ತಿರ ಗಿರ್ಮಿಟ್ ಈಗಲೂ ಸಿಗುತ್ತದೆ, ಅದೊಂದು ಸಮಾಧಾನ. ಉಳ್ಳಾಗಡ್ಡಿ ಮಾತ್ರ ಹಬ್ಬದ ದಿನಗಳಲ್ಲಷ್ಟೇ ಹಾಕುತ್ತಾರೆ.

ಇಪ್ಪತ್ತೆರಡು ಪಂದ್ಯಗಳಲ್ಲಿ ಎರಡು ಗೆದ್ದೆವು, ಹದಿನೈದು ಸೋತೆವು, ಉಳಿದವು ಸಮ. ಗೆದ್ದ ಎರಡರಲ್ಲಿ ಒಂದು ಎದುರಾಳಿಗಳ ಬಂಡಿ ದಾರಿಯಲ್ಲಿ ಕೆಟ್ಟು ನಿಂತು ಅವರು ಬರದೇ ಹೋದದ್ದರಿಂದ ಸಿಕ್ಕಿದ್ದು. ಅದಕ್ಕೂ ನಾವು ಪೇಢೆ ಹಂಚಿದೆವು. ಇವತ್ತು ಸೊನ್ನೆಗೆ ಮೂರು. ಮೂರನೆಯದನ್ನು ನಮ್ಮ ಗೋಲ್‌ಕೀಪರ್ ತಾನೇ ಹಿಡಿದು, ತಾನೇ ಒಳಗೆ ಒಯ್ದ. ನನಗೆ ಸಿಟ್ಟು ಸಹ ಬರಲಿಲ್ಲ. ಫಕೀರಜ್ಜ, ಸಿಟ್ಟು ಬರಬೇಕಾದರೆ ಒಳಗೆ ಸ್ವಲ್ಪವಾದರೂ ಆಸೆ ಉಳಿದಿರಬೇಕು.

ನಿಮ್ಮ ಆಸೆ ದೊಡ್ಡದಿತ್ತು. ನೋಟೀಸುಗಳಲ್ಲಿ ಓದಿದ್ದೇನೆ: "ಬರುವ ವರ್ಷ ಕಪ್ ಹಳೇಶೆಡ್‌ಗೆ ಬರತಕ್ಕದ್ದು" ಎಂದು ಠರಾವು ಮಾಡಿದ್ದೀರಿ. ನನ್ನ ಅಜ್ಜನ ಕಾಲದವರು ಮೊದಲ ಐದರೊಳಗೆ ಬಂದರೆ ಸಾಕೆಂದರು. ನಮ್ಮ ಅವ್ವ ಕೊನೆಯ ಸ್ಥಾನ ಬಿಟ್ಟು ಯಾವುದಾದರೂ ಸರಿ ಎನ್ನುತ್ತಿದ್ದಳು. ನಾವೀಗ ಒಂದು ಕಾರ್ನರ್ ಸಿಕ್ಕರೆ ಚಪ್ಪಾಳೆ ತಟ್ಟುತ್ತೇವೆ. ನನ್ನ ಗಂಡ ಮೌನೇಶ ಬದುಕಿದ್ದಾಗ ಪ್ರತಿ ಹಂಗಾಮಿನ ಮೊದಲ ದಿನ "ಈ ಸಲ ನೋಡ, ಕಾಶಿ" ಎನ್ನುತ್ತಿದ್ದ. ಮೂವತ್ತೊಂದು ವರ್ಷ ಅಂದ. ಕೊನೆಯ ವರ್ಷ ಬರೀ ನನ್ನ ಕಡೆ ನೋಡಿ ನಕ್ಕ. ಅವನು ಸತ್ತದ್ದಕ್ಕಿಂತ ಆ ಮಾತು ನಿಂತದ್ದು ನನಗೆ ಹೆಚ್ಚು ನೋವು ಕೊಟ್ಟಿತು ಎಂದರೆ ನೀವಾದರೂ ನಂಬುತ್ತೀರಿ.

ಈಗ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಿಮ್ಮ ಗೆಳೆಯ ದಾದಾಪೀರ ಕಿತ್ತೂರ ಅವರು ತೀರಿಕೊಂಡು ಹನ್ನೊಂದು ದಿನವಾಗಿರುತ್ತದೆ. ಬರುವ ಆದಿತ್ಯವಾರ ನೀವು ಅವರಿಲ್ಲದೆ ಮೊದಲ ಬಾರಿಗೆ ಪಂದ್ಯಕ್ಕೆ ಹೋಗುತ್ತೀರಿ. ಆಮೇಲೆ ನಡೆದದ್ದನ್ನು ನಮ್ಮ ಕ್ಲಬ್ಬಿನಲ್ಲಿ ಪ್ರತಿ ವರ್ಷ ಮೊದಲ ಪಂದ್ಯಕ್ಕೆ ಮುಂಚೆ ಒಬ್ಬರು ನಿಂತು ಹೇಳುತ್ತಾರೆ, ಉಳಿದವರು ಕೈಮುಗಿದು ಕೇಳುತ್ತಾರೆ. ನೀವು ಮೂವತ್ತೆಂಟನೇ ಕುರ್ಚಿಯಲ್ಲಿ ಕೂತಿರುತ್ತೀರಿ. ಪರಊರಿನವನೊಬ್ಬ ಬಂದು ಪಕ್ಕದ ಮೂವತ್ತೇಳನ್ನು ತೋರಿಸಿ "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳುತ್ತಾನೆ. ನೀವು ಹೆಗಲ ಮೇಲಿನ ಟವೆಲ್ ತೆಗೆದು ಆ ಕುರ್ಚಿಯ ಮೇಲೆ ಹಾಸಿ, "ಅದಾನ" ಎನ್ನುತ್ತೀರಿ. ಕಪ್ ಗೆಲ್ಲುವ ದಿನದವರೆಗೂ ಅದು ದಾದಾಪೀರನದೇ ಎನ್ನುತ್ತೀರಿ.

ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಹಳೇಶೆಡ್‌ನವರು ಒಂದನ್ನು ಹಿಡಿದರೆ ಬಿಡುವ ಜನವಲ್ಲ. ಮರುವರ್ಷ ಇನ್ನೊಬ್ಬರು ಸತ್ತರು, ಇನ್ನೊಂದು ಟವೆಲ್ ಬಿತ್ತು. ನಿಮ್ಮ ಕಾಲದಲ್ಲಿ ಮುಕ್ಕಾಲು ಗ್ಯಾಲರಿ ಖಾಲಿ ಇರುತ್ತಿದ್ದುದರಿಂದ ಕುರ್ಚಿ ತೀರಿಹೋದಾವು ಎಂದು ಯಾರಿಗೂ ಹೊಳೆಯಲಿಲ್ಲ. ಇರುವುದು ನಾನೂರ ಹನ್ನೆರಡು ಕುರ್ಚಿ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಬಿಸಿಗಾಳಿ ತಡೆಯುವ ಗೋಡೆ. ಇನ್ನೊಂದು ಸಾಲು ಹಾಕಲು ಗೇಣು ಜಾಗವಿಲ್ಲ. ಇವತ್ತು ನಾನೂರ ಹನ್ನೊಂದು ಕುರ್ಚಿಗಳ ಮೇಲೆ ಟವೆಲ್ ಇದೆ. ಹಂಗಾಮು ಮುಗಿದ ಮೇಲಿನ ಆದಿತ್ಯವಾರ ಅವನ್ನೆಲ್ಲ ಒಗೆದು ಒಣಗಿಸಿ ಮತ್ತೆ ಹಾಸುತ್ತೇವೆ, ಹರಿದದ್ದಕ್ಕೆ ಹೊಸದು ತರುತ್ತೇವೆ. ಪಂದ್ಯಕ್ಕೆ ಬಾರದವರೂ ಟವೆಲ್ ಒಗೆಯಲು ತಪ್ಪದೆ ಬರುತ್ತಾರೆ. ಬದುಕಿರುವ ಅಭಿಮಾನಿಗಳು ಗೇಟಿನ ಬಳಿ ತಂತಿಬೇಲಿ ಹಿಡಿದು ನಿಂತೇ ಆಟ ನೋಡುತ್ತಾರೆ. ಉಳಿದ ಒಂದು ಕುರ್ಚಿ, ಮೇಲಿನ ಸಾಲಿನ ಇನ್ನೂರ ಐದು, ನನ್ನದು.

ಇದನ್ನು ಮುರಿಯಲು ಯಾರೂ ಯತ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಒಂದೇ ಒಂದು ಸಲ ಮುರಿದೆವು. ೨೧೧೯ರಲ್ಲಿ ನಾವು ಫೈನಲ್ ತಲುಪಿದೆವು, ಅದೂ ನಮ್ಮದೇ ಮೈದಾನದಲ್ಲಿ. ಎಂಬತ್ತಾರನೇ ನಿಮಿಷದವರೆಗೆ ಒಂದು ಗೋಲು ಮುಂದಿದ್ದೆವು. ನನಗಾಗ ಇಪ್ಪತ್ತೊಂಬತ್ತು. ಬೇಲಿಯ ಹತ್ತಿರ ನಿಂತಿದ್ದ ನನ್ನ ಅತ್ತೆ ತಡೆಯಲಾರದೆ ಗ್ಯಾಲರಿಗೆ ಓಡಿ, ತನ್ನ ಅಪ್ಪನ ಕುರ್ಚಿಯ ಟವೆಲ್ ಎತ್ತಿ ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಅವಳನ್ನು ನೋಡಿ ಎಲ್ಲರೂ ಓಡಿದರು. ಎರಡು ನಿಮಿಷ ಇಡೀ ಗ್ಯಾಲರಿಯಲ್ಲಿ ಬದುಕಿದ್ದವರೇ ಕೂತಿದ್ದರು, ಟವೆಲ್‌ಗಳನ್ನು ತಲೆಯ ಮೇಲೆ ತಿರುಗಿಸುತ್ತಿದ್ದರು. ನಾನು ಅಷ್ಟು ಚಂದದ ನೋಟ ಮತ್ತೆ ಕಂಡಿಲ್ಲ. ಆಮೇಲೆ ಎರಡು ಗೋಲು ಬಿದ್ದವು. ಜನ ಒಬ್ಬೊಬ್ಬರಾಗಿ ಎದ್ದು, ಟವೆಲ್ ಕೊಡವಿ, ಮತ್ತೆ ಹಾಸಿ ಕೆಳಗಿಳಿದರು. "ನಾವು ಕುಂತಿದ್ದಕ್ಕ ಸೋತ್ರು" ಎಂದು ಯಾರೋ ಅಂದರು. ಅವತ್ತಿನಿಂದ ಟವೆಲ್ ಮುಟ್ಟುವ ಮಾತನ್ನು ಕೂಡ ಯಾರೂ ಎತ್ತಿಲ್ಲ. ಅತ್ತೆ ಸಾಯುವವರೆಗೂ ಆ ಸೋಲನ್ನು ತನ್ನ ತಲೆಯ ಮೇಲೆಯೇ ಹೊತ್ತುಕೊಂಡಳು.

ಈಗ ಲೀಗಿನದೊಂದು ನಿಯಮ ಬಂದಿದೆ. ದೊಡ್ಡ ಕ್ಲಬ್ಬುಗಳು ಗ್ಯಾಲರಿ ತುಂಬಲು ಬಿಂಬಜನರನ್ನು ಕೂರಿಸತೊಡಗಿದ್ದವು. ಬಿಂಬಜನರೆಂದರೆ ಬೆಳಕಿನಲ್ಲಿ ಮಾಡಿದ ಮನುಷ್ಯರು. ಕೂಗುತ್ತಾರೆ, ಅಳುತ್ತಾರೆ, ಮುಟ್ಟಲು ಹೋದರೆ ಏನೂ ಇಲ್ಲ. ಆ ಮೋಸ ತಡೆಯಲು ಲೀಗಿನವರು ಕೊನೆಯ ಪಂದ್ಯದ ದಿನ ಪ್ರತಿ ಕ್ಲಬ್ಬಿನ ಗ್ಯಾಲರಿಗೆ ಬಂದು, ಕೂತಿರುವ ಜೀವಂತ ಮನುಷ್ಯರನ್ನು ಮುಟ್ಟಿ ಎಣಿಸುತ್ತಾರೆ. ನಿಂತವರು ಲೆಕ್ಕಕ್ಕಿಲ್ಲ. ಒಬ್ಬರೂ ಇಲ್ಲದ ಕ್ಲಬ್ಬು ಮುಚ್ಚಿದಂತೆ. ಇವತ್ತು ಬಂದ ಅಧಿಕಾರಿ ನನ್ನ ಹೆಗಲು ಮುಟ್ಟಿ "ಒಂದು" ಎಂದು ಬರೆದುಕೊಂಡ. "ಆರಾಮಾಗಿರ್ರಿ ಅಜ್ಜಿ, ಮುಂದಿನ ವರ್ಷ ಮತ್ತ ಬರತೀನಿ," ಎಂದ. ಪಾಪ, ಒಳ್ಳೆಯ ಹುಡುಗ. ನನ್ನ ಶ್ವಾಸಕೋಶದಲ್ಲಿ ಧೂಳು ಕಟ್ಟಿದೆ. ದೀಪಾವಳಿ ಕಂಡರೆ ಹೆಚ್ಚು ಎಂದು ವೈದ್ಯರು ಹೇಳಿದ್ದಾರೆ.

ನನ್ನ ಮಗಳು ಸುರಗಿಗೆ ಮೂವತ್ತನಾಲ್ಕು ವರ್ಷ. ಹುಟ್ಟಿದಾಗಿನಿಂದ ಒಂದು ಪಂದ್ಯವನ್ನೂ ಕೂತು ನೋಡಿಲ್ಲ. ಟವೆಲ್‌ಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಸತ್ತಾವ್ರಿಗೆ ಆಟ ಎಲ್ಲಿ ಕಾಣತೈತಿ?" ಎಂದು ಜಗಳಕ್ಕೇ ನಿಲ್ಲುವವಳು. ಹೋದ ತಿಂಗಳು ಅವಳ ಕೈಹಿಡಿದು ಕೇಳಿಕೊಂಡೆ: ನಾನು ಬದುಕಿರುವಾಗಲೇ ಎದ್ದು ಕೊಡುತ್ತೇನೆ, ನೀನು ಇನ್ನೂರ ಐದರಲ್ಲಿ ಕೂತುಬಿಡು, ಯಾವ ಪದ್ಧತಿಯೂ ಮುರಿಯುವುದಿಲ್ಲ, ಕ್ಲಬ್ಬೂ ಉಳಿಯುತ್ತದೆ ಎಂದೆ. ಅವಳು ಕೈ ಬಿಡಿಸಿಕೊಂಡಳು. "ಬ್ಯಾಡವಾ. ನೀ ಎದ್ದು ಜಾಗಾ ಕೊಟ್ಟಿ ಅಂದ್ರ ಹೋಗಾಕ ತಯಾರಾದಂಗ. ನಾ ಹೆಂಗ ಕುಂಡ್ರಲಿ?" ಎಂದಳು. ಇವತ್ತು ಪಂದ್ಯದ ನಡುವೆ ನೀರಿಗಾಗಿ, ಅವಳು ನನ್ನ ಬಳಿ ಇಟ್ಟುಹೋಗಿದ್ದ ಚೀಲಕ್ಕೆ ಕೈಹಾಕಿದೆ. ಒಳಗೆ ಒಂದು ಹೊಸ ಟವೆಲ್ ಇತ್ತು, ಕೆಂಪು ಅಂಚಿನದು. ಮೂಲೆಯಲ್ಲಿ ೨೦೫ ಎಂದು ಕಸೂತಿ ಹಾಕಿದ್ದಳು. ನಾನು ನೀರು ಕುಡಿದು ಚೀಲವನ್ನು ಇದ್ದ ಹಾಗೆಯೇ ಮುಚ್ಚಿದೆ.

ಆದ್ದರಿಂದ ಫಕೀರಜ್ಜ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಕ್ಲಬ್ಬು ಗೆಲ್ಲಬೇಕೆಂದು ಕೇಳುವುದಿಲ್ಲ. ನೂರ ಮೂವತ್ತನಾಲ್ಕು ವರ್ಷ ಆಗದ್ದು ನಿಮ್ಮಿಂದಲೂ ಆಗದು. ಆದಿತ್ಯವಾರ ಆ ಪರಊರಿನವನು ಬಂದು "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳಿದಾಗ, "ಇಲ್ಲರಿ, ಕುಂಡ್ರಿ" ಎನ್ನಿ. ಸುಲಭವಲ್ಲ, ಗೊತ್ತು. ಆದರೂ ಅನ್ನಿ. ಟವೆಲ್‌ನಿಂದ ಬೇಕಾದರೆ ಕಣ್ಣೊರೆಸಿಕೊಳ್ಳಿ, ಕುರ್ಚಿಯ ಮೇಲೆ ಹಾಸಬೇಡಿ. ಅವನು ಗಿರ್ಮಿಟ್ ತಿನ್ನುತ್ತ, ಆಟ ತಿಳಿಯದೆ ಏನೇನೋ ಮಾತಾಡಬಹುದು. ಮಾತಾಡಲಿ ಬಿಡಿ. ದಾದಾಪೀರ ಅವರು ಅವನ ಜೊತೆ ಖುಷಿಯಿಂದ ಜಗಳ ಆಡುತ್ತಿದ್ದರು.

ಇಷ್ಟು ಬರೆಯುವಷ್ಟರಲ್ಲಿ ಬಿಸಿಲು ಗ್ಯಾಲರಿಯ ಅರ್ಧಕ್ಕೆ ಬಂದಿದೆ. ಅಂಚೆಯ ಹೆಣ್ಣುಮಗಳು ಗೇಟಿನಲ್ಲಿ ಕಾಯುತ್ತಿದ್ದಾಳೆ, ಸುರಗಿ ಬೇಲಿಯ ಆಚೆಯಿಂದ ಕೈಬೀಸಿ ಕರೆಯುತ್ತಿದ್ದಾಳೆ. ಮುಟ್ಟುವುದಿದ್ದರೆ ಯಾವಾಗಲೋ ಮುಟ್ಟಿ ಹೋಗಿರುತ್ತದೆ ಎಂಬ ಮಾತು ನನಗೆ ಈಗ ತಿಳಿಯಿತು. ನೀವು ಇದನ್ನು ಓದಿ ನನ್ನ ಮಾತು ಕೇಳಿದ್ದರೆ ಕಾಗದ ಮಡಚುವ ಮೊದಲೇ ನನಗೆ ಗೊತ್ತಾಗಬೇಕು, ನಿಮ್ಮ ಪಕ್ಕದ ಕುರ್ಚಿ ಬರಿದಾಗಿರಬೇಕು. ಇಲ್ಲಿಂದ ಮೂವತ್ತೇಳನೇ ಕುರ್ಚಿ ಚೆನ್ನಾಗಿ ಕಾಣುತ್ತದೆ. ಬಹಳ ಹೊತ್ತು ಆ ಕಡೆ ನೋಡುವ ಧೈರ್ಯ ಬರಲಿಲ್ಲ. ಈಗ ತಲೆಯೆತ್ತಿ ನೋಡಿದೆ.

ಟವೆಲ್ ಇದೆ.

ಕಾಗದ ನಿಮಗೆ ತಲುಪಲಿಲ್ಲವೋ, ತಲುಪಿದರೂ ಆ ಮನುಷ್ಯ ಕೇಳಿದಾಗ ನಿಮ್ಮ ಬಾಯಿಂದ "ಇಲ್ಲ" ಎಂಬ ಮಾತು ಹೊರಡಲಿಲ್ಲವೋ, ನನಗೆ ತಿಳಿಯದು. ಎರಡನೆಯದೇ ಇರಬೇಕು. ಮೌನೇಶನ ಕುರ್ಚಿ ನನ್ನ ಎಡಗಡೆಗೇ ಇದೆ. ಅವನು ಹೋದ ಮೇಲಿನ ಮೊದಲ ಪಂದ್ಯದ ದಿನ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಬಂದು, ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದಳು. ಇಷ್ಟೆಲ್ಲ ತಿಳಿದ ನಾನು ಅವಳಿಗೆ ಏನು ಹೇಳಿದೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಸುರಗಿ ಮತ್ತೆ ಕೂಗುತ್ತಿದ್ದಾಳೆ. ಏಳುತ್ತೇನೆ, ಫಕೀರಜ್ಜ.

ಕಾಶವ್ವ ಗುಡಗೇರಿ
ಕುರ್ಚಿ ಸಂಖ್ಯೆ ೨೦೫