ನಲವತ್ತೇಳನೆಯ ಜೋಡಿ

ಮಾರ್ಚ್ ೧೨, ಬುಧವಾರ

ರಸ್ತೆ ಮೂಲೆಯ ಟೆಲಿಫೋನ್ ಕ್ಯಾಬಿನೆಟ್ ಇವತ್ತು ಖಾಲಿಯಾಯಿತು. ಆ ತಗಡಿನ ಪೆಟ್ಟಿಗೆ ಯಾಕೆಂದು ದಾರಿಹೋಕರು ಕೇಳಿದಾಗಲೆಲ್ಲ ಹೇಳುತ್ತಿದ್ದೆ: ಎಕ್ಸ್‌ಚೇಂಜಿನ ದಪ್ಪ ಕೇಬಲ್ ಇಲ್ಲಿಗೆ ಬಂದು ಬಿಡಿಬಿಡಿಯಾಗಿ, ಮನೆಗೊಂದು ಜೋಡಿ ತಂತಿಯಂತೆ ಹಂಚಿಹೋಗುತ್ತದೆ. ಈಗ ಫೈಬರ್ ನೇರ ಮನೆಗೇ ಹೋಗುತ್ತದೆ. ಪೆಟ್ಟಿಗೆಗೆ ಕೆಲಸವಿಲ್ಲ.

ನಲವತ್ತೇಳನೆಯ ಜೋಡಿ ನಮ್ಮ ಮನೆಯದು. ದಿನಾ ಸಂಜೆ ನಾಲ್ಕಕ್ಕೆ ನಾನು ಲೈನು ಪರೀಕ್ಷಿಸುವ ಟೆಸ್ಟ್ ಫೋನನ್ನು ಅದಕ್ಕೆ ಸಿಕ್ಕಿಸುತ್ತಿದ್ದೆ. ಅದೇ ಹೊತ್ತಿಗೆ ನನ್ನ ಹೆಂಡತಿ ಮನೆಯಲ್ಲಿ ರಿಸೀವರ್ ಎತ್ತುತ್ತಿದ್ದಳು. ಒಂದಂಕಿ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ. ಉಳಿದ ಅಂಕಿಗಳು ಬರಲಿಲ್ಲವೆಂದು ಲೈನು ಮತ್ತೆ ಕೂಗಿಕೊಳ್ಳುವವರೆಗೆ, ಒಂದೇ ತಂತಿಯ ಮೇಲೆ ಮಾತಾಡಲು ಹತ್ತು ಹದಿನೈದು ಸೆಕೆಂಡು ನಮ್ಮದು. “ಊಟ ಮಾಡಿದ್ರಾ? ಸುಳ್ಳು ಹೇಳ್ಬೇಡಿ” ಎಂದು ಇವಳು ಅನ್ನುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಇವಳು ತೀರಿಕೊಂಡು ಎರಡು ವರ್ಷವಾದರೂ ನಾನು ಸಿಕ್ಕಿಸುವುದನ್ನು ಬಿಟ್ಟಿರಲಿಲ್ಲ.

ಇವತ್ತು ಮೇಲ್ವಿಚಾರಕಿ ಮೀಟರ್ ಹಿಡಿದು ಕೇಳಿದರು: “ಬೇರೆಲ್ಲಾ ಸತ್ತಿವೆ, ಇದೊಂದಕ್ಕೇ ಜೀವ ಇದೆ. ಯಾರ ಮನೇದ್ರೀ ಇದು?”

“ಆ ಮನೇಲಿ ಯಾರೂ ಫೋನ್ ಎತ್ತಲ್ಲ ಮೇಡಂ” ಅಂದೆ. ಬೇರೆಯವರ ಕೈ ತಾಗುವುದು ಬೇಡವೆಂದು ನಾನೇ ಕತ್ತರಿಸಿದೆ.

ದೊಡ್ಡ ಶೂರನ ಹಾಗೆ ಕತ್ತರಿಸಿ ಮನೆಗೆ ಬಂದವನು, ಈಗ ಸುಮ್ಮನಿರಲಾರದೆ ರಿಸೀವರ್ ಎತ್ತಿದೆ. ನಿನ್ನೆಯವರೆಗೆ ಟೋನಾದರೂ ಬರುತ್ತಿತ್ತು. ಇವತ್ತು ಯಾವ ಅಂಕಿಯನ್ನೂ ಒತ್ತಬೇಕಾಗಲಿಲ್ಲ. ಹತ್ತು ಸೆಕೆಂಡು ಕಳೆಯಿತು, ಒಂದು ನಿಮಿಷವೂ ಕಳೆಯಿತು, ಲೈನು ಕೂಗಲಿಲ್ಲ. ಇನ್ನು ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು.

“ಊಟ ಮಾಡಿಲ್ಲ ಕಣೇ” ಅಂದೆ.