ಮಾಯಕ್ಕನ ಕವಳಿ ಬುಟ್ಟಿ

ಪರಿಸರ ಪಠ್ಯ ಸಿದ್ಧಪಡಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಇಡೀ ದೇಶದ ಮಕ್ಕಳಿಗೆಂದು ತಾವು ಬರೆಸಿದ ಐದನೇ ತರಗತಿಯ ಪಾಠವೊಂದು ನನ್ನ ಶಾಲೆಯ ಹುಡುಗಿಗೆ ತನ್ನ ಅಜ್ಜಿಯ ಬಗ್ಗೆ ನಾಚಿಕೆಪಡುವುದನ್ನು ಕಲಿಸಿದೆ. ಆ ಪಾಠ ಮಾಡಿದವಳು ನಾನೇ. ಹೀಗಾಗಿ ಈ ಪತ್ರ ಅರ್ಧ ದೂರು, ಅರ್ಧ ತಪ್ಪೊಪ್ಪಿಗೆ.

'ಕಾಡಿನ ನಾಶಕ್ಕೆ ಕಾರಣಗಳು' ಎಂಬ ಆ ಪಾಠದಲ್ಲಿ ಮೊದಲನೆಯ ಕಾರಣ, ಕಾಡಂಚಿನ ಜನ ಹಣ್ಣು, ಎಲೆ, ಪುಳ್ಳೆ ಆರಿಸಿ ತರುವುದು. ಗಣಿ, ಹೆದ್ದಾರಿಗಳ ಹೆಸರು ಕೊನೆಯಲ್ಲೂ ಇಲ್ಲ. ಅವು 'ಅಭಿವೃದ್ಧಿ' ಎಂಬ ಮುಂದಿನ ಪಾಠದಲ್ಲಿ, ಬಣ್ಣದ ಚಿತ್ರಗಳ ಸಮೇತ ಇವೆ. ತಮ್ಮ ಘನ ಸಮಿತಿಯಲ್ಲಿ ಯಾರಾದರೂ ಒಮ್ಮೆಯಾದರೂ ಕವಳಿ ಹಣ್ಣು ಆರಿಸಿದ್ದಾರೆಯೇ? ಹೋಗಲಿ, ಅದರ ಮುಳ್ಳನ್ನಾದರೂ ಚುಚ್ಚಿಸಿಕೊಂಡಿದ್ದಾರೆಯೇ?

ನಮ್ಮ ಶಾಲೆ ಖಾನಾಪುರ ತಾಲೂಕಿನ ಗುಂಜಿಯ ಆಚೆ, ಕಾಡಿಗೆ ಬೆನ್ನು ಕೊಟ್ಟು ಕೂತಿದೆ. ಆ ಹುಡುಗಿ ತ್ರಿವೇಣಿ. ಅವಳ ಅಜ್ಜಿ ಮಾಯಕ್ಕ ಬೇಸಿಗೆಯಲ್ಲಿ ಅಲ್ಲಿ ಕವಳಿ ಆರಿಸಿ, ರವಿವಾರ ಬೆಳಗಿನ ರೈಲು ಹತ್ತಿ ಬೆಳಗಾವಿಯ ಖಾಸಬಾಗ ಸಂತೆಗೆ ತರುತ್ತಿದ್ದಳು. ಖಾಸಬಾಗದವಳಾದ ನಾನು ಚಿಕ್ಕಂದಿನಲ್ಲಿ ಆಕೆಯ ಎಲೆದೊನ್ನೆಯಿಂದಲೇ ತಿಂದು ತುಟಿ ಅಂಟು ಮಾಡಿಕೊಂಡವಳು. ಗಿಡದ ತುದಿಯ ಹಣ್ಣನ್ನು ಆಕೆ ಮುಟ್ಟುವುದಿಲ್ಲ. "ಅವು ಹಕ್ಕೀವ್ರಿ" ಎನ್ನುತ್ತಾಳೆ. ಹಕ್ಕಿ ತಿಂದು ಹಾಕಿದ ಬೀಜದಿಂದ ಪೊದೆ ಮತ್ತೆ ಹಬ್ಬುತ್ತದೆ ಎಂಬುದು ತಮ್ಮ ಪುಸ್ತಕದಲ್ಲೂ ಇದೆ, ಬೇರೊಂದು ಪಾಠದಲ್ಲಿ.

ಹೋದ ವರ್ಷ ಪರಿಸರ ದಿನಕ್ಕೆ ಶಾಲೆಯ ಅಂಗಳದಲ್ಲಿ ಈ ಪಾಠವನ್ನೇ ನಾಟಕ ಮಾಡಿಸಿದೆ. ಅದೂ ತಾವು ಸೂಚಿಸಿದ ಚಟುವಟಿಕೆಯೇ. ಕಾಡುಗಳ್ಳಿಯ ಪಾತ್ರಕ್ಕೆ ಬುಟ್ಟಿ ಬೇಕಿತ್ತು. "ನಿಮ್ಮ ಮನ್ಯಾಗ ಬುಟ್ಟಿ ಐತೆಲ್ಲ, ನೀನ ಮಾಡವ್ವ" ಎಂದು ತ್ರಿವೇಣಿಗೆ ಹೇಳಿದೆ. ನನ್ನ ತಲೆಯಲ್ಲಿ ಬುಟ್ಟಿಯಷ್ಟೇ ಇತ್ತು. ಮಾಯಕ್ಕ ಮಕ್ಕಳಿಗೆಂದು ಸೆರಗಿನಲ್ಲಿ ಹಣ್ಣು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೊಮ್ಮಗಳು ತನ್ನದೇ ಸೀರೆ ಸುತ್ತಿಕೊಂಡು, ತನ್ನದೇ ಬುಟ್ಟಿ ಹೊತ್ತು ಬಂದಾಗ ಹಿಗ್ಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಮಕ್ಕಳೆಲ್ಲ ತ್ರಿವೇಣಿಯನ್ನು ಸುತ್ತುವರಿದು "ಕಾಡುಗಳ್ಳಿ, ಕಾಡು ಬಿಟ್ಟು ಹೋಗು" ಎಂದು ಕೂಗಿದರು. ಆ ಮಾತು ಬರೆದುಕೊಟ್ಟವಳೂ ನಾನೇ.

ಎಲ್ಲ ಮುಗಿದ ಮೇಲೆ ಮಾಯಕ್ಕ ಹತ್ತಿರ ಬಂದಳು.

"ಅಕ್ಕೋರ, ನಾ ಒಂದ್ ಟೊಂಗಿ ಸೈತ ಮುರದಾಕಿ ಅಲ್ರಿ. ಬುಕ್ಕಿನ್ಯಾಗ ಹಂಗ್ಯಾಕ ಬರದಾರ?"

ಆಕೆ ಸೆರಗಿನ ಗಂಟು ಬಿಚ್ಚದೆ ಹೋದಳು. ಪರೀಕ್ಷೆಯಲ್ಲಿ ತ್ರಿವೇಣಿ ಪುಸ್ತಕದ ಉತ್ತರವನ್ನೇ ಬರೆದಳು. ಹತ್ತಕ್ಕೆ ಹತ್ತು ಕೊಟ್ಟೆ. ಮತ್ತೇನು ಕೊಡಬೇಕಿತ್ತು, ತಾವೇ ಹೇಳಿ.

ಈ ಬೇಸಿಗೆ ಸಂತೆಯಲ್ಲಿ ಮಾಯಕ್ಕನ ಮುಂದೆ ಕವಳಿ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಳ್ಳೊಳ್ಳಿ ಇತ್ತು. ಯಾಕೆಂದು ಕೇಳಿದೆ.

"ಮೊಮ್ಮಗಳು ಅಡವಿಗೆ ಹೋಗಬ್ಯಾಡ ಅಂತಾಳ್ರಿ. ಕಾಡುಗಳ್ಳಿ ಮೊಮ್ಮಗಳು ಅಂತ ಹುಡುಗ್ರು ಕಾಡಸ್ತಾರಂತ. ಸಾಲಿ ಕಲತಾಕಿ ಹೇಳ್ತಾಳಂದ್ರ ಖರೇನ ಇರಬೇಕ್ರಿ."

ಜೈನರ ಮನೆಯವಳು ನಾನು, ಬಳ್ಳೊಳ್ಳಿ ತಿನ್ನುವವಳಲ್ಲ. ಆದರೂ ಕಾಲು ಕಿಲೋ ಕೊಂಡು, ತಲೆ ತಗ್ಗಿಸಿ ಬಂದೆ.

ಆ ಪಾಠವನ್ನು ತೆಗೆಯಿರಿ. ಅದು ತಪ್ಪೆಂದು ತಮ್ಮ ಮೊಹರು ಹಾಕಿ ಒಂದು ಕಾಗದ ಕಳಿಸಿ. ಮಾಯಕ್ಕನಿಗೆ ಓದಲು ಬಾರದು. ಅದೇ ಅಂಗಳದಲ್ಲಿ, ತ್ರಿವೇಣಿಯ ಎದುರಿಗೆ, ನಾನು ಓದಿ ಹೇಳುತ್ತೇನೆ. ದಯವಿಟ್ಟು ಬೇಗ ಕಳಿಸಿ. ಮಳೆ ಹಿಡಿದರೆ ಈ ವರ್ಷದ ಹಣ್ಣು ಉದುರಿಹೋಗುತ್ತದೆ.

ಇಂತಿ,
ಮನೆಯಿಂದ ಬುಟ್ಟಿ ತರಲು ಹೇಳಿದ ಶಿಕ್ಷಕಿ,
ಕಾಂತಾ