ಆ ನಲವತ್ತೊಂದು ಚೀಟಿಗಳನ್ನು ಸುಡಬೇಡಿ

ಮಾನ್ಯ ಮುಖ್ಯೋಪಾಧ್ಯಾಯರೇ,

ಕಳೆದ ಅಕ್ಟೋಬರಿನಲ್ಲಿ ನಿಮ್ಮ ಶಾಲೆಯ 'ಅಗ್ರ'ನಾಗಿ ಆಯ್ಕೆಯಾದವನು ನಾನಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬೀಗದ ಕೈ ಇಸಕೊಂಡೆ, ಐದು ತಿಂಗಳು ಹುಲ್ಲಿನ ಮೇಲೆ ನಡೆದೆ, ಸಭಾಂಗಣದ ಓಕ್ ಹಲಗೆಯ ಮೇಲೆ ನನ್ನ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆಯುವಾಗ ಕೆಳಗೆ ನಿಂತು ನೋಡಿದೆ. ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೂ ಕೂರದೆ ಶಾಲೆ ಬಿಟ್ಟಾಗ ನೀವು ನನ್ನ ತಾತನಿಗೆ 'ನರದೌರ್ಬಲ್ಯ' ಎಂದು ಬರೆದಿರಿ. ನನ್ನ ನರಗಳು ಗಟ್ಟಿಯಾಗಿವೆ. ಈ ಪತ್ರವನ್ನು ನಿಮ್ಮ ಹಳೇ ವಿದ್ಯಾರ್ಥಿಗಳ ಸಂಚಿಕೆಗೆ ಕಳಿಸಿದ್ದೆ. 'ಜಾಗದ ಅಭಾವ'ದಿಂದ ವಾಪಸು ಬಂತು. ಆದ್ದರಿಂದ ಈಗ ಊರಿನ ವಾರಪತ್ರಿಕೆಯಲ್ಲಿ, ದನದ ಹರಾಜಿನ ಜಾಹೀರಾತಿನ ಪಕ್ಕದಲ್ಲಿ ನೀವು ಇದನ್ನು ಓದಬೇಕಾಗಿದೆ.

ನಮ್ಮ ಯಾರ್ಕ್‌ಷೈರಿನ ಈ ಮೂಲೆಯಲ್ಲಿ ಎಲ್ಲರಿಗೂ ಈ ಪದ್ಧತಿ ಗೊತ್ತು. ಆದರೂ ಅದನ್ನು ಬರೆದು ನೋಡಿದರೆ ಹೇಗೆ ಕಾಣುತ್ತದೆಂದು ನೀವೂ ಒಮ್ಮೆ ನೋಡಿ. ಪ್ರತಿ ಅಕ್ಟೋಬರಿನಲ್ಲಿ ಮೇಲಿನ ಎರಡು ತರಗತಿಯವರು, ಕಳೆದ ವರ್ಷ ನೂರ ಹನ್ನೆರಡು ಜನ, ತಮ್ಮಲ್ಲಿ ಅತಿ ಯೋಗ್ಯನಾದ ಒಬ್ಬನ ಹೆಸರನ್ನು ಚೀಟಿಯಲ್ಲಿ ಬರೆದು ಪ್ರಾರ್ಥನಾಮಂದಿರದ ಕಲ್ಲಿನ ಹೂಜಿಗೆ ಹಾಕಬೇಕು. ಸಹಿ ಹಾಕುವಂತಿಲ್ಲ. ಹೆಚ್ಚು ಚೀಟಿ ಬಂದವನು ಅಗ್ರ. ಶಾಲೆಯ ಬೀಗದ ಕೈ ಅವನ ಹತ್ತಿರ. ಮುಂದಿನ ಅಂಗಳದ ಹುಲ್ಲುಹಾಸನ್ನು ಅಡ್ಡ ದಾಟುವ ಹಕ್ಕು ಅವನೊಬ್ಬನಿಗೇ. ಉಳಿದವರೆಲ್ಲ, ಮೇಷ್ಟ್ರುಗಳೂ ಸೇರಿ, ಜಲ್ಲಿ ಹಾದಿಯಲ್ಲಿ ಸುತ್ತುಹಾಕಿ ಹೋಗಬೇಕು. ತೋಟದ ಆಳು ಮಾತ್ರ ಹುಲ್ಲು ಮೆಟ್ಟಬಹುದು. ಅವನ ಕೈಯಲ್ಲಿ ಕತ್ತರಿಸುವ ಯಂತ್ರ ಇರಬೇಕು. ಯಂತ್ರ ಬಿಟ್ಟರೆ ಅವನೂ ಜಲ್ಲಿಗೆ ಇಳಿಯಬೇಕು.

"ಮೂವತ್ತು ವರ್ಷದಿಂದ ಪರ್ಮಿಟ್ ಇರೋದು ಮಷೀನಿಗೆ ಕಣೋ," ಎನ್ನುತ್ತಿದ್ದ ಸೇತ್ ಹೆಬಲ್. "ಮಷೀನೇ ಅಗ್ರ. ನಮ್ಮಪ್ಪ ಅದರ ಹಿಂದೆ ಹೋಗೋ ಆಳು."

ಸೇತ್, ನಿಮ್ಮ ತೋಟದ ಆಳು ಏಮೋಸ್ ಹೆಬಲ್ ಅವರ ಮಗ. ವಿದ್ಯಾರ್ಥಿವೇತನದ ಮೇಲೆ ನನ್ನ ತರಗತಿಯಲ್ಲಿದ್ದ. ಅವನನ್ನು ನೀವು ಮರೆತಿರಲಾರಿರಿ, ಏಕೆಂದರೆ ನಿಮ್ಮ ಗುರುವಾರದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಿದ್ದೆ ಮಾಡದೆ ಇದ್ದವನು ಅವನೊಬ್ಬನೇ.

ಆ ಪಾಠ ನನಗೆ ಪೂರ್ತಿ ನೆನಪಿದೆ. ಅರಿಸ್ಟಾಕ್ರಸಿ ಎಂದರೆ ಕೋಟೆ, ಕುದುರೆ, ಬಿರುದು ಎಂದುಕೊಳ್ಳುವವನು ಮೂರ್ಖ ಎಂದು ನೀವು ಶುರುಮಾಡಿದಿರಿ, ನನ್ನ ಕಡೆ ನೋಡಿ ಸ್ವಲ್ಪ ನಕ್ಕಿರಿ. (ನಮ್ಮ ತಾತ ವೈಕೌಂಟ್ ಎಂಬ ಬಿರುದಿನವರು. ಕೋಟೆ ಇಲ್ಲ, ಸೋರುವ ಮನೆ ಇದೆ.) ಗ್ರೀಕರ ಬಾಯಲ್ಲಿ ಅದರ ಅರ್ಥ ಶ್ರೇಷ್ಠರ ಆಳ್ವಿಕೆ, ಅಷ್ಟೇ. ಯಾರು ಹೆಚ್ಚು ವಿವೇಕಿಯೋ, ಯಾರಿಗೆ ಅಧಿಕಾರದ ಆಸೆ ಕಡಿಮೆಯೋ ಅವನು ಆಳಲಿ. ಹುಟ್ಟಿದವರ ಆತ್ಮದಲ್ಲಿ ಚಿನ್ನವೋ ಬೆಳ್ಳಿಯೋ ಕಂಚೋ ಬೆರೆತಿರುತ್ತದೆಂದು ಜನರಿಗೆ ಕತೆ ಹೇಳಿ ಊರು ಕಟ್ಟಬೇಕೆಂದ ಒಬ್ಬ ಹಳೆಯ ಚಿಂತಕನ ಮಾತು ಹೇಳಿದಿರಿ. ಆಮೇಲೆ ಬೆರಳೆತ್ತಿ, ಆ ಕತೆಯ ಮುಖ್ಯ ಭಾಗವನ್ನು ಎಲ್ಲರೂ ಮರೆಯುತ್ತಾರೆ ಎಂದಿರಿ: ಕಂಚಿನವರ ಮನೆಯಲ್ಲೂ ಚಿನ್ನದ ಮಗು ಹುಟ್ಟಬಹುದು, ಹಾಗೆ ಹುಟ್ಟಿದರೆ ಅದನ್ನು ಮೇಲೆತ್ತಿ ಕೂರಿಸಬೇಕು, ಚಿನ್ನದವರ ಮನೆಯಲ್ಲಿ ಕಂಚು ಹುಟ್ಟಿದರೆ ಮರುಕವಿಲ್ಲದೆ ಕೆಳಗಿಳಿಸಬೇಕು. ಅಟ್ಲಾಂಟಿಕ್ಕಿನ ಆಚೆ, ರಾಜನನ್ನು ಒದ್ದೋಡಿಸಿದವರೂ ಕೂಡ ಸಹಜವಾಗಿ ಶ್ರೇಷ್ಠರಾದವರು ಬೇರೆ, ಹುಟ್ಟಿನಿಂದ ಬೀಗುವವರು ಬೇರೆ ಎಂದು ಮುದಿ ವಯಸ್ಸಿನಲ್ಲಿ ಪತ್ರ ಬರೆದುಕೊಂಡರು ಎಂದಿರಿ. ಬಹಳ ಚೆನ್ನಾಗಿತ್ತು. ನಾನು ಟಿಪ್ಪಣಿ ಕೂಡ ಮಾಡಿಕೊಂಡೆ.

ಸೇತ್ ಕೈ ಎತ್ತಿದ. "ಸರ್, ಇದು ಚಿನ್ನ, ಇದು ಕಂಚು ಅಂತ ಒರೆಗಲ್ಲಿಗೆ ಉಜ್ಜಿ ಹೇಳೋರು ಯಾರು?"

"ಒಳ್ಳೇ ಪ್ರಶ್ನೆ, ಹೆಬಲ್. ಶ್ರೇಷ್ಠನನ್ನು ಶ್ರೇಷ್ಠರು ಗುರುತಿಸುತ್ತಾರೆ."

"ಹಂಗಾದ್ರೆ ಮೊಟ್ಟಮೊದಲ್ನೇ ಶ್ರೇಷ್ಠನನ್ನ ಯಾರು ಗುರುತಿಸಿದ್ರು ಸರ್? ಅವನ ಅಮ್ಮಾನಾ?"

ತರಗತಿ ಘೊಳ್ಳೆಂದಿತು. ನೀವೂ ನಕ್ಕಿರಿ. ಉತ್ತರ ಮಾತ್ರ ಅಕ್ಟೋಬರಿನಲ್ಲಿ ಕೊಟ್ಟಿರಿ.

ಅದಕ್ಕೆ ಮುಂಚಿನ ಚಳಿಗಾಲದ ಹಿಮ ನೆನಪಿದೆಯೇ? ನಿಮಗಿರಲಾರದು, ನೀವು ಲಂಡನ್ನಿನಲ್ಲಿ ಸಿಕ್ಕಿಕೊಂಡಿದ್ದಿರಿ. ನಾಲ್ಕು ದಿನ ರಸ್ತೆ ಮುಚ್ಚಿತ್ತು. ಬಾಯ್ಲರ್ ಕೆಟ್ಟಿತ್ತು. ಶಾಲೆಯಲ್ಲಿ ಇದ್ದದ್ದು ಇಬ್ಬರು ವಯಸ್ಸಾದ ಮೇಷ್ಟ್ರು, ಒಬ್ಬ ಅಡಿಗೆಯವಳು, ಇನ್ನೂರೈವತ್ತು ಹುಡುಗರು. ಆಗಿನ ಅಗ್ರ ಹ್ಯೂಗೋ ಬೀಗದ ಕೈ ಹಿಡಿದುಕೊಂಡು ಜ್ವರ ಬಂತೆಂದು ಮಲಗಿದ. ಸೇತ್ ಯಾರನ್ನೂ ಕೇಳಲಿಲ್ಲ, ಯಾರ ಅಪ್ಪಣೆಗೂ ಕಾಯಲಿಲ್ಲ. ಎಲ್ಲರ ಹಾಸಿಗೆಗಳನ್ನೂ ಅಗ್ಗಿಷ್ಟಿಕೆ ಇರುವ ಗ್ರಂಥಾಲಯಕ್ಕೆ ಎಳೆಸಿದ. ಸಣ್ಣವರನ್ನು ಬೆಂಕಿಯ ಹತ್ತಿರ, ದೊಡ್ಡವರನ್ನು ಬಾಗಿಲ ಹತ್ತಿರ ಹಾಕಿದ. ತಾನು ಎಲ್ಲರಿಗಿಂತ ಆಚೆ, ಗಾಳಿ ನುಗ್ಗುವ ಕಡೆ ಮಲಗಿದ. ನನ್ನನ್ನು ಅಡಿಗೆಮನೆಗೆ ಕಳಿಸಿದ, ಹಿಂದೆಯೇ ತಾನೂ ಬಂದ.

"ಲಾರ್ಡ್ ಸಾಹೇಬ್ರೆ, ಆ ಆಲೂಗಡ್ಡೆ ನಿಮಗೇನು ಅನ್ಯಾಯ ಮಾಡಿತ್ತು? ಸಿಪ್ಪೆ ಜೊತೆ ಅರ್ಧ ಗಡ್ಡೆ ಹೋಯ್ತಲ್ಲ."

"ನಮ್ಮನೇಲಿ ಹಿಂಗೇ ಹೆರಿಯೋದು."

"ಅದಕ್ಕೇ ನಿಮ್ಮನೆ ಸೋರ್ತಿರೋದು. ಕೊಡಿಲ್ಲಿ, ತೋರಿಸ್ತೀನಿ. ಹೆಬ್ಬೆರಳು ಹಿಂಗೆ."

ನಾಲ್ಕನೆಯ ದಿನ ಹಿಮ ಬಗೆಯುವ ಯಂತ್ರ ಬಂದಾಗ ಒಬ್ಬನಿಗೂ ನೆಗಡಿಗಿಂತ ಹೆಚ್ಚಿನದೇನೂ ಆಗಿರಲಿಲ್ಲ. ಹ್ಯೂಗೋ ಎದ್ದು ಬಂದು ಗೇಟಿನ ಬೀಗ ತೆಗೆದ. ನೀವು ಪ್ರಾರ್ಥನೆಯ ಹೊತ್ತಿನಲ್ಲಿ ಹ್ಯೂಗೋನನ್ನು ಹೊಗಳಿದಿರಿ. ಸೇತ್ ಸಲಿಕೆ ಹಿಡಿದು ಅಪ್ಪನ ಜೊತೆ ಜಲ್ಲಿ ಹಾದಿ ಬಿಡಿಸುತ್ತಿದ್ದ.

ಅದಕ್ಕಾಗಿಯೇ ಅಕ್ಟೋಬರಿನಲ್ಲಿ ನನ್ನ ಚೀಟಿಯಲ್ಲಿ 'ಸೇತ್ ಹೆಬಲ್' ಎಂದು ಬರೆದೆ. ನನ್ನ ವಂಶದ ಐದು ಜನರ ಹೆಸರು ಆ ಹಲಗೆಯ ಮೇಲಿದ್ದರೂ ಬರೆದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ನೇರ ಕೆಲಸ ಅದು. ಸಹಿ ಹಾಕದೆ ಮಾಡಿದ್ದು.

ಎಣಿಕೆ ಮುಗಿದ ಮೇಲೆ ನೀವು ನನ್ನನ್ನು ಕೋಣೆಗೆ ಕರೆದಿರಿ. ಚೀಟಿ ಎಣಿಸಿದ ಹಿಂದಿನ ಅಗ್ರ ಹ್ಯೂಗೋ ಕಿಟಕಿಯ ಹತ್ತಿರ ನಿಂತಿದ್ದ. "ಮೂವತ್ತಾರು ಚೀಟಿ ನಿನಗೆ, ಅಭಿನಂದನೆ," ಎಂದಿರಿ. "ನಲವತ್ತೊಂದು ಹಾಳಾಗಿವೆ. ಯಾರೋ ಕಿಡಿಗೇಡಿಗಳು ಸೇರಿಕೊಂಡು ನಮ್ಮ ಹುಲ್ಲು ಕತ್ತರಿಸೋನ ಮಗನ ಹೆಸರು ಬರೆದಿದಾರೆ. ಪಾಪದ ಹುಡುಗ. ಅವನ ಕಿವಿಗೆ ಬೀಳದ ಹಾಗೆ ನೋಡ್ಕೋಬೇಕು."

"ತಮಾಷೆ ಅಂದ್ರೂ ಒಂದು ಮಿತಿ ಬೇಡ್ವಾ," ಎಂದ ಹ್ಯೂಗೋ.

ನಲವತ್ತೊಂದರಲ್ಲಿ ಒಂದು ನನ್ನದು ಎಂದು ಹೇಳಲು ನನಗೆ ಬಾಯಿತ್ತು. ನಾನು ನಕ್ಕೆ.

ಮಾನ್ಯರೇ, ನೀವು ಮೋಸಗಾರರಾಗಿದ್ದರೆ ಈ ಪತ್ರ ಬರೆಯುವುದು ಬಹಳ ಸುಲಭವಿತ್ತು. ಒಂದೂ ಚೀಟಿಯನ್ನು ನೀವು ಬಚ್ಚಿಡಲಿಲ್ಲ, ತಿದ್ದಲಿಲ್ಲ. ಅವೆಲ್ಲ ತಮಾಷೆ ಎಂದು ನೀವು ಮನಸಾರೆ ನಂಬಿದಿರಿ, ಅವನ ಮೇಲೆ ಮರುಕವನ್ನೂ ಪಟ್ಟಿರಿ. ಇಪ್ಪತ್ತು ವರ್ಷ ಕಂಚಿನ ಮನೆಯ ಚಿನ್ನದ ಮಗುವಿನ ಪಾಠ ಮಾಡಿದವರು ನೀವು. ಆ ಮಗು ಎದುರಿಗೆ ಬಂದಾಗ ಯಾರು ಒಳಗೆ ಬಿಟ್ಟದ್ದು ಎಂದು ಕೇಳಿದಿರಿ. ಶ್ರೇಷ್ಠರು ಆಳಬೇಕು ಎಂಬ ವಿಚಾರದಲ್ಲಿ ನನಗೆ ಈಗಲೂ ತಕರಾರಿಲ್ಲ. ಆ ನಾಲ್ಕು ದಿನ ಅದನ್ನು ನಾನೇ ಕಂಡಿದ್ದೇನೆ, ಅದರ ಬಿಸಿಯಲ್ಲಿ ಮಲಗಿದ್ದೇನೆ. ನನ್ನ ತಕರಾರು ಒರೆಗಲ್ಲಿನ ಮೇಲೆ. ಶ್ರೇಷ್ಠತೆ ಹೇಗಿರುತ್ತದೆಂದು ಮೊದಲೇ ಗೊತ್ತಿರುವವರ ಕೈಗೆ ಕಲ್ಲು ಕೊಟ್ಟರೆ ಅವರು ತಮ್ಮ ಮುಖವನ್ನೇ ಉಜ್ಜಿ ನೋಡುವುದಿಲ್ಲವೇ? ರಕ್ತ ನೋಡಿ ಆರಿಸುವ ನಮ್ಮ ತಾತನ ಕಾಲದವರು ಕನಿಷ್ಠ ಬಾಯಿಬಿಟ್ಟು ಹಾಗೆಂದು ಹೇಳುತ್ತಿದ್ದರು. ನೀವು ಮತ ಕೇಳಿ, ಎಣಿಸಿ, ಆಮೇಲೆ ರಕ್ತ ನೋಡಿದಿರಿ.

ಮಾರನೆಯ ಬೆಳಿಗ್ಗೆ ಸಭಾಂಗಣದಲ್ಲಿ ನನ್ನ ಹೆಸರು ಕೂಗುವ ಮುಂಚೆ ನೀವು ಹಗುರವಾಗಿ ಒಂದು ಮಾತು ಹೇಳಿದಿರಿ. ಅವನ ಕಿವಿಗೆ ಬೀಳಬಾರದು ಎಂದಿದ್ದವರು ನೀವೇ. ಬಾಯಿಗೆ ಬಂದ ಚಟಾಕಿಯನ್ನು ನುಂಗುವುದು ನಿಮಗೆ ಆಗಲಿಲ್ಲ. "ನಿಮ್ಮಲ್ಲಿ ನಲವತ್ತು ಚಿಲ್ಲರೆ ಜನ ಹುಲ್ಲು ಕತ್ತರಿಸುವ ಯಂತ್ರಕ್ಕೇ ಮತ ಹಾಕಿದ್ದೀರಂತೆ!"

ಇಡೀ ಸಭಾಂಗಣ ನಕ್ಕಿತು. ಆ ನಲವತ್ತೊಂದು ಜನವೂ ನಕ್ಕರು, ನಾನೂ ಸೇರಿ. ಪ್ರತಿಯೊಬ್ಬನೂ, ತಾನೊಬ್ಬನೇ ಮನಸಿಟ್ಟು ಬರೆದದ್ದು, ಉಳಿದ ನಲವತ್ತು ಜನ ಗೇಲಿಗೆ ಬರೆದವರು ಎಂದುಕೊಂಡ. ಮೂರನೆಯ ಸಾಲಿನಲ್ಲಿ ಕೂತಿದ್ದ ಸೇತ್ ಕೂಡ ನಕ್ಕ. ನಾನು ವೇದಿಕೆಯಿಂದ ನೋಡುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದವನು ಅವನು. ಒಂದು ವಾರಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಹೋದ.

ಆಮೇಲೆ ನಾನು ಹುಲ್ಲಿನ ಮೇಲೆ ನಡೆದೆ. ಸುಳ್ಳು ಹೇಳಲಾರೆ, ಮೊದಲ ವಾರ ಹಿತವಾಗಿತ್ತು. ನಿಮ್ಮ ಜಲ್ಲಿಯ ಮೇಲೆ ಪ್ರತಿ ಹೆಜ್ಜೆಯೂ ಗರಗರ ಎನ್ನುತ್ತದೆ. ಹುಲ್ಲಿನ ಮೇಲೆ ಏನೂ ಕೇಳುವುದಿಲ್ಲ. ನಡೆಯುತ್ತಿರುವವನು ನಾನು ಹೌದೋ ಅಲ್ಲವೋ ಎಂದು ನನಗೇ ಅನುಮಾನ ಹತ್ತಿತು. ನವೆಂಬರಿನಿಂದ ನನ್ನ ಪಕ್ಕದಲ್ಲೇ, ಜಲ್ಲಿಯಲ್ಲಿ, ನನ್ನ ಹೆಜ್ಜೆಗೆ ಸರಿಯಾಗಿ ಇನ್ನೊಂದು ಹೆಜ್ಜೆ ಕೇಳತೊಡಗಿತು. ತಿರುಗಿದರೆ ಯಾರೂ ಇಲ್ಲ. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಈಗ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತೇನೆ. ನಲ್ಲಿ ನಿಲ್ಲಿಸಿದಾಗ ಆ ಸಭಾಂಗಣದ ನಗು ಕೇಳುತ್ತದೆ. ಅದರಲ್ಲಿ ನನ್ನ ದನಿ ಯಾವುದೆಂದು ಬೇರೆ ಮಾಡಿ ತೆಗೆಯಬಲ್ಲೆ. ಅವನದನ್ನೂ ಕೂಡ.

ಏಮೋಸ್ ಹೆಬಲ್ ಈಗಲೂ ನಿಮ್ಮ ಹುಲ್ಲು ಕತ್ತರಿಸುತ್ತಾರೆ. ಹೆಬ್ಬಾಗಿಲಿನಿಂದ ಪ್ರಾರ್ಥನಾಮಂದಿರದವರೆಗೆ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ, ಒಂದು ಪಟ್ಟಿ ಮಾತ್ರ ಕತ್ತರಿಸದೆ ಬಿಡುತ್ತಾರೆ. ನೀವು ಎರಡು ಸಲ ಅಪ್ಪಣೆ ಕಳಿಸಿ ಅದನ್ನೂ ಕತ್ತರಿಸುವಂತೆ ಮಾಡಿದಿರಿ. ಮುಂದಿನ ವಾರ ಅದು ಮತ್ತೆ ಬೆಳೆದಿತ್ತು. ಯಂತ್ರ ಕೆಟ್ಟಿದೆ ಎಂದು ಅವರು ನಿಮಗೆ ಹೇಳಿದರಂತೆ. ನಾನು ಕೇಳಿದಾಗ ಬೇರೆಯೇ ಹೇಳಿದರು.

"ಅಲ್ಲಿ ಯಾರೋ ನಡೀತಾ ಇದಾರೆ ಅನ್ನಿಸ್ತದೆ ಮರಿ. ಕಾಲ ಮೇಲೆ ಮಷೀನ್ ಹೊಡಿಯಕ್ಕಾಗಲ್ಲ ನಂಗೆ."

"ಸೇತ್ ಕಾಗದ ಬರೀತಾನಾ?"

"ಒಂದು ಕಾರ್ಡು ಬಂತು. ಶೆಟ್ಲೆಂಡ್ ದ್ವೀಪದಲ್ಲಿ ಮೀನು ಸಾಕೋ ಕಡೆ ಇದಾನಂತೆ. ಗಾಳಿ ಜಾಸ್ತಿ ಅಂತ ಬರ್ದಿದ್ದ. ಶಾಲೆ ಮಾತು ಎತ್ತಲ್ಲ." ಯಂತ್ರದ ಹಿಡಿ ಒರೆಸಿದರು. "ನಲವತ್ತು ಜನ ಸೇರ್ಕಂಡು ಆಡ್ಕಂಡ್ರಲ್ಲ ಅಂತ ಒಂದೇ ಸಲ ಅಂದ. ನೀನು ಹೇಳು ಮರಿ, ನನ್ ಮಗ ಅವರಿಗೇನು ಮಾಡಿದ್ದ?"

ನಾನು ಸೇತ್‌ಗೆ ನಾಲ್ಕು ಪುಟ ಬರೆದೆ. ಉತ್ತರ ಒಂದು ಸಾಲು: "ತಮಾಷೆ ಮುಗೀತಲ್ಲ, ಇನ್ನು ಬಿಡು." ವೇದಿಕೆಯ ಮೇಲೆ ನಕ್ಕವನ ಮಾತನ್ನು ಅವನು ಯಾಕೆ ನಂಬಬೇಕು?

ಅದಕ್ಕೇ ಬೇಸಿಗೆಯೆಲ್ಲ ಹಳೆಯ ಸಹಪಾಠಿಗಳನ್ನು ಹುಡುಕಿಕೊಂಡು ಹೋದೆ. ಹತ್ತೊಂಬತ್ತು ಜನ ಸಿಕ್ಕರು, ತಾವೇ ಬರೆದದ್ದೆಂದು ಒಪ್ಪಿದರು. ಹೆಚ್ಚುಕಡಿಮೆ ಒಂದೇ ಮಾತು: "ಅಯ್ಯೋ, ನಾನು ನಿಜವಾಗ್ಲೂ ಬರ್ದೆ ಕಣೋ. ನೀವೆಲ್ಲ ಸುಮ್ನೆ ಬರ್ದಿದೀರ ಅಂದ್ಕಂಡೆ." ಇನ್ನಿಬ್ಬರು ತಾವು ಗೇಲಿಗೇ ಬರೆದದ್ದೆಂದರು. ಅದನ್ನೂ ಮುಚ್ಚಿಡುವುದಿಲ್ಲ. ಆ ಎರಡನ್ನು ಕಳೆಯಿರಿ. ಉಳಿದವರನ್ನು ಕೇಳದೆಯೇ ಗೇಲಿಯವರೆಂದು ತೀರ್ಮಾನಿಸುವ ಹಕ್ಕು ನಿಮಗಿಲ್ಲವಾದ್ದರಿಂದ, ಮೂವತ್ತೊಂಬತ್ತು ಎನ್ನುವುದು ನನ್ನ ಮೂವತ್ತಾರಕ್ಕಿಂತ ಹೆಚ್ಚೇ.

ಪದ್ಧತಿಯಂತೆ ಹಳೆಯ ಚೀಟಿಗಳು ಮುಂದಿನ ಆಯ್ಕೆಯವರೆಗೆ ಹೂಜಿಯಲ್ಲೇ ಇರುತ್ತವೆ. ಬರುವ ಭಾನುವಾರ ಅವುಗಳನ್ನು ಒಲೆಗೆ ಹಾಕುತ್ತೀರಿ. ಹಾಕಬೇಡಿ. ನನ್ನ ಬೇಡಿಕೆ ಇಷ್ಟೇ: ಭಾನುವಾರ ಹೂಜಿಯನ್ನು ಏಮೋಸ್ ಹೆಬಲ್ ಅವರ ಎದುರು ಬಗ್ಗಿಸಿ. ಆ ನಲವತ್ತೊಂದನ್ನೂ ಅವರ ಕೈಗೆ ಕೊಡಿ. ಯಾರಿಗಾಗಿ ಬರೆದದ್ದೋ ಅವನು ಬೇರೆಬೇರೆ ಕೈಬರಹವನ್ನು ಕಣ್ಣಾರೆ ನೋಡಲಿ. ಅದೇ ಸಭಾಂಗಣದಲ್ಲಿ, ಅದೇ ಜಾಗದಲ್ಲಿ ನಿಂತು, ಅವು ಮತಗಳಾಗಿದ್ದವು ಎಂದು ಹೇಳಿ. ನನ್ನ ಹೆಸರನ್ನು ಹಲಗೆಯಿಂದ ಕೆರೆದುಹಾಕಿ. ಖರ್ಚಾಗುವ ಬಂಗಾರದ ಬಣ್ಣದ ಬಗ್ಗೆ ನಮ್ಮ ತಾತ ಗೊಣಗುವುದಿಲ್ಲ, ನಾನು ಹೇಳಿದ್ದೇನೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅದು ಬೇರೆ ವಿಷಯ. ಏಮೋಸ್ ಅವರು ಭಾನುವಾರ ಬರುವಾಗ ಹುಲ್ಲಿನ ಮೇಲೆ ಬರುತ್ತಾರೆ, ಬರಿಗೈಯಲ್ಲಿ. ತಡೆಯಬೇಡಿ.

ನೀವು ಇದನ್ನು ಮಾಡುತ್ತೀರೆಂದು ನನಗೆ ಭರವಸೆಯಿಲ್ಲ. ಅದಕ್ಕೇ ಹತ್ತೊಂಬತ್ತು ಜನರಿಂದಲೂ ಕಾಗದ ಬರೆಸಿಕೊಂಡಿದ್ದೇನೆ. ಈ ಸಲ ಎಲ್ಲರೂ ಸಹಿ ಹಾಕಿದ್ದಾರೆ. ಇಪ್ಪತ್ತನೆಯದು ನನ್ನದು. ಅವನ್ನು ನಾನೇ ಸೇತ್‌ನ ಮನೆಗೆ ಒಯ್ಯುತ್ತೇನೆ. ಅವನು ಬಾಗಿಲು ತೆರೆಯದಿರಬಹುದು.

ಇಂತಿ,
ನಿಮ್ಮ ಹಲಗೆಯ ಮೇಲೆ ಇನ್ನೊಬ್ಬನ ಜಾಗದಲ್ಲಿ ಇರುವ
ಪೆರಿಗ್ರಿನ್ ವೆನ್‌ಲಾಕ್

ಸೈಕಲ್ ಅಂಗಡಿಯ ವಿಳಾಸಕ್ಕೆ ಉತ್ತರ ಬರೆಯಬೇಡಿ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.